ಹಸಿರು ಚುಕ್ಕೆಯ ಪಟ್ಟಿ

ನನ್ನ ತಂಗಿಯ ಗಂಡ ಬಾಯಿ ತೆರೆಯುವುದು ಮೂರೇ ಸಂದರ್ಭದಲ್ಲಿ. ಉಣ್ಣುವಾಗ, ಆಕಳಿಸುವಾಗ, ಮತ್ತೆ ನಾನು ಮಾಡಿದ ಕೆಲಸದಲ್ಲಿ ಏನಾದರೂ ಕೊರತೆ ಕಂಡಾಗ. ಅವನು ಮನೆಗೆ ಬಂದ ಹೊಸದರಲ್ಲೇ ನಾನು ಮನಸ್ಸಿನೊಳಗೆ ಅವನಿಗೆ ಗುಮ್ಮ ಎಂದು ಹೆಸರಿಟ್ಟೆ. ಗುಮ್ಮನಗುಸುಕ ಅನ್ನಬೇಕಿತ್ತು, ಅಷ್ಟುದ್ದ ಯಾಕೆ ಅಂತ ಅರ್ಧಕ್ಕೇ ನಿಲ್ಲಿಸಿದೆ. ಎದುರಿಗೆ ಮಾತ್ರ ‘ನೀವು’ ಎಂದೇ ಕರೆಯುತ್ತೇನೆ. ಒಬ್ಬರನ್ನು ದೂರ ಇಡಬೇಕು ಅಂದರೆ ಮರ್ಯಾದೆಗಿಂತ ಒಳ್ಳೆಯ ಬೇಲಿ ಬೇರೆ ಇಲ್ಲ.

ನಾನು ಅನುಮಾನದ ಪ್ರಾಣಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹಾಲಿನವನು ನಕ್ಕನೆಂದರೆ ಅವತ್ತು ಹಾಲಿಗೆ ನೀರು ಬಿದ್ದಿದೆ ಎಂದೇ ನನ್ನ ಎಣಿಕೆ. ನಮ್ಮದು ಅಪ್ಪನ ಕಾಲದಿಂದ ಬಂದ ಸೈಕಲ್ ರಿಪೇರಿ ಅಂಗಡಿ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ ಮಾಯವಾಗಿರುತ್ತದೆ. ಅದಕ್ಕೇ ಅಂಗಡಿಯ ಪ್ರತಿಯೊಂದು ಸಾಮಾನಿಗೂ ಹಸಿರು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟಿದ್ದೇನೆ. ಎಂಥವಳಿಗೂ ಉಗುರಿಗೆ ಹಚ್ಚಿಕೊಳ್ಳಲು ಮನಸ್ಸಾಗದ ಬಣ್ಣ ಅದು. ಚುಕ್ಕೆ ಇದ್ದರೆ ಸಾಮಾನು ನಮ್ಮದು.

ಅಮ್ಮ ತೀರಿಕೊಂಡಾಗ ನನಗೆ ಹತ್ತೊಂಬತ್ತು, ತಂಗಿಗೆ ಆರು. ಅವಳ ಜಡೆ ಹಾಕಿ, ಜ್ವರಕ್ಕೆ ಒದ್ದೆ ಬಟ್ಟೆ ಇಟ್ಟು, ಮಗ್ಗಿ ಕೇಳಿ ಬೆಳೆಸಿದವಳು ನಾನು. ನಾನು ಮದುವೆಯಾಗಲಿಲ್ಲ, ಆ ಬಗ್ಗೆ ಬೇಸರವೂ ಇಲ್ಲ. ನನಗಿರುವುದು ಅವಳೊಬ್ಬಳೇ. ಅವಳು ಊರಿನ ಆ ಕಡೆಯ ಅಂಗಡಿಯೊಂದರ ಬ್ರೇಕ್ ಮೆಕ್ಯಾನಿಕ್‌ನನ್ನು ಮೆಚ್ಚಿ ಮದುವೆಯಾಗಿ, ನನ್ನ ಒತ್ತಾಯಕ್ಕೆ ಅವನನ್ನು ಕರೆದುಕೊಂಡು ನಮ್ಮ ಮಹಡಿಯ ಮೇಲೇ ಸಂಸಾರ ಹೂಡಿದಳು. ಬೆಳಿಗ್ಗೆ ಮೂವರೂ ಮೆಟ್ಟಿಲಿಳಿದು ಅಂಗಡಿ ತೆರೆಯುತ್ತೇವೆ. ಅವಳು ಮುಂದೆ ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ, ನಾನೂ ಗುಮ್ಮನೂ ಹಿಂದೆ ಕೆಲಸ ಮಾಡುತ್ತೇವೆ.

ಬ್ರೇಕ್ ನನ್ನ ಕೆಲಸವಾಗಿತ್ತು. ಈಗಿನ ಒಳ್ಳೆಯ ಸೈಕಲ್‌ಗಳಲ್ಲಿ ತಂತಿ ಇರುವುದಿಲ್ಲ, ತೆಳ್ಳನೆಯ ಪೈಪಿನಲ್ಲಿ ಎಣ್ಣೆ ಇರುತ್ತದೆ. ಆ ಎಣ್ಣೆಯೊಳಗೆ ಒಂದು ಗಾಳಿಗುಳ್ಳೆ ಸೇರಿಕೊಂಡರೂ ಹಿಡಿ ಹಿಂಡಿದಾಗ ಮೆತ್ತಗೆ ಒಳಗೆ ಹೋಗುತ್ತದೆ, ಬ್ರೇಕ್ ಕೈಕೊಡುತ್ತದೆ. ಆಗ ಚಕ್ರದ ಕಡೆಯಿಂದ ಸಿರಿಂಜಿನಲ್ಲಿ ಹೊಸ ಎಣ್ಣೆ ತುಂಬಿ ಮೇಲಕ್ಕೆ ತಳ್ಳಿ, ಹಿಡಿಯ ಬಳಿ ಇಟ್ಟ ಪುಟ್ಟ ಬಟ್ಟಲಿನಲ್ಲಿ ಗುಳ್ಳೆಗಳನ್ನು ಹೊರಗೆ ಬಿಡಿಸಬೇಕು. ಸಿರಿಂಜು, ಪೈಪು, ಬಟ್ಟಲು ಸೇರಿ ಬ್ಲೀಡ್ ಕಿಟ್. ಎಣ್ಣೆಯಲ್ಲಿ ಎರಡು ಜಾತಿ. ಒಂದರ ಜಾಗಕ್ಕೆ ಇನ್ನೊಂದು ಬಿದ್ದರೆ ಒಳಗಿನ ರಬ್ಬರ್ ಊದಿಕೊಂಡು ಬ್ರೇಕ್ ಸತ್ತುಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಕಿಟ್ಟೂ ಎರಡು, ಒಂದಕ್ಕೆ ನೀಲಿ ಟೇಪು, ಇನ್ನೊಂದಕ್ಕೆ ಹಳದಿ.

ಇನ್ನೊಂದು ಕಿಟ್ ಕೂಡ ಅಂಗಡಿಯ ಗೋಡೆಯಲ್ಲಿದೆ, ಕೆಂಪು ಪೆಟ್ಟಿಗೆಯಲ್ಲಿ. ಎರಡು ವರ್ಷದ ಹಿಂದೆ ನಮ್ಮ ಬೀದಿಯ ತಿರುವಿನಲ್ಲಿ ಪಾರ್ಸೆಲ್ ಹಂಚುವವನೊಬ್ಬನ ತೊಡೆಯ ಮೇಲೆ ವ್ಯಾನ್ ಹರಿಯಿತು. ಸುತ್ತ ನಲವತ್ತು ಜನ ನಿಂತಿದ್ದೆವು. ಒಬ್ಬರು ನೀರು ತಂದರು, ಒಬ್ಬರು ಗಾಳಿ ಬೀಸಿದರು, ಉಳಿದವರು ಸಲಹೆ ಕೊಟ್ಟರು. ಆಂಬುಲೆನ್ಸ್ ಬರುವ ಹೊತ್ತಿಗೆ ಅವನು ಉಳಿದಿರಲಿಲ್ಲ. ಆಮೇಲೆ ಬೀದಿಯ ಅಂಗಡಿಯವರೆಲ್ಲ ಸೇರಿ, ರಕ್ತ ನಿಲ್ಲಿಸುವ ಕಿಟ್ ಒಂದನ್ನು ತರಿಸಿ ಎಲ್ಲರಿಗಿಂತ ಹೆಚ್ಚು ಹೊತ್ತು ತೆರೆದಿರುವ ನಮ್ಮ ಅಂಗಡಿಯಲ್ಲಿಡಲು ತೀರ್ಮಾನಿಸಿದರು. ತರುವ ಕೆಲಸ ನನಗೇ ಬಿತ್ತು. ಮಾರುವವರು ಟೋಪಿ ಹಾಕುತ್ತಾರೆಂದು ನಾನು ಹದಿನೈದು ದಿನ ಹುಡುಕಿ, ಎಲ್ಲರಿಗಿಂತ ಅಗ್ಗಕ್ಕೆ ಕೊಡುವವನನ್ನು ಹಿಡಿದೆ. ಗಾಯದೊಳಗೆ ತುರುಕುವ ಉದ್ದನೆಯ ಬಟ್ಟೆ, ಕೈಗವಸು, ಕತ್ತರಿ, ಮತ್ತೆ ಒಂದು ಅಗಲವಾದ ಪಟ್ಟಿ. ಆ ಪಟ್ಟಿಯೇ ಮುಖ್ಯ. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಸುತ್ತಿ, ಅದಕ್ಕೆ ಸಿಕ್ಕಿಸಿರುವ ಕಡ್ಡಿಯನ್ನು ತಿರುಗಿಸುತ್ತಾ ಹೋದರೆ ಬಿಗಿದು ಬಿಗಿದು ರಕ್ತ ನಿಲ್ಲುತ್ತದೆ. ಪಟ್ಟಿಯ ಬಕಲ್‌ಗೆ ಹಸಿರು ಚುಕ್ಕೆ ಇಟ್ಟು, ಪೆಟ್ಟಿಗೆಗೆ ಪ್ಲಾಸ್ಟಿಕ್ ಮುದ್ರೆ ಹಾಕಿ, ಅವತ್ತು ನೆಮ್ಮದಿಯಾಗಿ ಮಲಗಿದೆ.

ಗುಮ್ಮ ಬಂದ ಮೇಲೆ ನೆಮ್ಮದಿ ಹೋಯಿತು. ಒಂದು ದಿನ ಒಬ್ಬ ಗಿರಾಕಿಯ ಬ್ರೇಕ್ ರಬ್ಬರ್ ಊದಿಕೊಂಡಿತ್ತು. ಹಿಂದಿನ ವಾರ ಆ ಸೈಕಲ್ ಮುಟ್ಟಿದ್ದವನು ಗುಮ್ಮ. ನೀಲಿಗೆ ಹಳದಿ ಹಾಕಿದ್ದಾನೆಂದು ನಾನು ಗಿರಾಕಿಯ ಎದುರಿಗೇ ಅವನ ನೀರಿಳಿಸಿದೆ. ಅವನು ತಲೆ ತಗ್ಗಿಸಿ ಆ ಬ್ರೇಕನ್ನು ಬಿಚ್ಚತೊಡಗಿದ. ಕೊನೆಗೆ ಆ ಗಿರಾಕಿಯೇ ತಲೆ ಕೆರೆದುಕೊಂಡು, ಮನೆಯಲ್ಲಿ ತಾನೇ ಯಾವುದೋ ಎಣ್ಣೆ ಸುರಿದೆನೆಂದು ಒಪ್ಪಿಕೊಂಡ.

ಅವತ್ತು ಸಂಜೆ ತಂಗಿ ನನ್ನ ಅಡುಗೆಮನೆಗೆ ಬಂದಳು. ಅವಳು ಅಳಲಿಲ್ಲ, ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

“ಅಕ್ಕ, ಇನ್ನೊಂದು ಸಲ ನೀನು ಅವರ ಮೇಲೆ ಹೀಗೆ ಅನುಮಾನ ಪಟ್ರೆ ನಾವು ಬೇರೆ ಮನೆ ಮಾಡ್ಕೊಂಡು ಹೋಗ್ತೀವಿ. ಸುಮ್ನೆ ಹೇಳ್ತಿಲ್ಲ.”

“ಹೋಗ್ತೀಯಾ? ನನ್ನ ಬಿಟ್ಟು?”

“ಹೋಗ್ತೀನಿ.”

ಅವಳು ಸುಳ್ಳು ಹೇಳುವವಳಲ್ಲ, ನಾನೇ ಬೆಳೆಸಿದ್ದು. ಇನ್ನು ಮೇಲೆ ಸಾಕ್ಷಿ ಇಲ್ಲದೆ ಬಾಯಿ ಬಿಡಬಾರದು ಎಂದು ಅವತ್ತೇ ಗಟ್ಟಿ ಮನಸ್ಸು ಮಾಡಿದೆ. ಅನುಮಾನವನ್ನೇ ಬಿಡಬಹುದು ಎಂಬುದು ಹೊಳೆಯಲೂ ಇಲ್ಲ.

ಸಾಕ್ಷಿ ತಾನಾಗೇ ಬರತೊಡಗಿತು. ಮೊದಲು ಕೆಂಪು ಪೆಟ್ಟಿಗೆಯ ಮುದ್ರೆ. ನಾನು ಹಾಕಿದ್ದು ಬಿಳಿ, ಒಂದು ಸೋಮವಾರ ನೋಡಿದರೆ ಕಪ್ಪು ಮುದ್ರೆ. ಒಳಗೆ ಎಲ್ಲ ಸರಿಯಾಗೇ ಇತ್ತು, ಪಟ್ಟಿಯೂ ಇತ್ತು, ಚುಕ್ಕೆಯೂ ಇತ್ತು. ಆದರೂ ಯಾರೋ ತೆರೆದಿದ್ದಾರೆ. ಪೆಟ್ಟಿಗೆಯ ಚಿಲಕಕ್ಕೆ ತೆಳ್ಳಗೆ ಸೀಮೆಸುಣ್ಣದ ಪುಡಿ ಸವರಿದೆ. ಎರಡೇ ದಿನದಲ್ಲಿ ಪುಡಿಯ ಮೇಲೆ ಹೆಬ್ಬೆರಳಿನ ಗುರುತು ಬಿತ್ತು, ದೊಡ್ಡ ಹೆಬ್ಬೆರಳು. ತಂಗಿಯದು ಅದರ ಅರ್ಧವೂ ಇಲ್ಲ.

ಆಮೇಲೆ ನೀಲಿ ಕಿಟ್ಟಿನ ಸಿರಿಂಜು ಕಾಣೆಯಾಯಿತು. ಕೇಳಿದರೆ ತಂಗಿ ಮುಖ ಊದಿಸಿಕೊಳ್ಳುತ್ತಾಳೆಂದು ಸುಮ್ಮನಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಗುಮ್ಮ ಟೈರ್ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದ. ಹತ್ತು ನಿಮಿಷ, ಕೆಲವೊಮ್ಮೆ ಕಾಲುಗಂಟೆ. ಒಂದು ದಿನ ನಾನು ಬಾಗಿಲಿಗೆ ಕಿವಿಯಾನಿಸಿದೆ. ಒಳಗೆ ಅವನು ಹಲ್ಲು ಕಚ್ಚಿ ಉಸಿರೆಳೆದುಕೊಳ್ಳುವ ಸದ್ದು. ನೋವನ್ನು ನುಂಗಿಕೊಳ್ಳುವವರ ಸದ್ದು ಅದು.

ಅದೇ ವಾರ ತಂಗಿ ಬಟ್ಟೆ ಮಡಚುತ್ತಾ ಮಾತಿನ ನಡುವೆ ಹೇಳಿದಳು, “ಇವರ ತೋಳ ಮೇಲೆ ಕೆಂಪಗೆ ಗೆರೆ ಬಿದ್ದಿದೆ ಅಕ್ಕ, ಬಳೆ ಹಾಕ್ದ ಹಾಗೆ. ಕೇಳಿದ್ರೆ ಟ್ಯೂಬ್ ಸುತ್ಕೊಂಡಿತ್ತು ಅಂತಾರೆ.”

ನನ್ನ ಕೈಯಲ್ಲಿದ್ದ ದಿಂಬಿನ ಚೀಲ ಹಾಗೇ ನಿಂತಿತು. ಕಾಣೆಯಾದ ಸಿರಿಂಜು. ಹಾಕಿದ ಬಾಗಿಲು. ತೋಳಿಗೆ ಪಟ್ಟಿ ಬಿಗಿದ ಗುರುತು. ಎರಡಕ್ಕೆ ಎರಡು ಕೂಡಿಸಲು ನನಗೆ ಬರುವುದಿಲ್ಲವೇ! ನನ್ನ ತಂಗಿ ಅಮಲಿನ ಮದ್ದು ಚುಚ್ಚಿಕೊಳ್ಳುವವನ ಕೈಹಿಡಿದಿದ್ದಾಳೆ ಎಂದು ತೀರ್ಮಾನಿಸಿದೆ. ಅವಳ ಬದುಕು ಹಾಳಾಯಿತಲ್ಲ ಎಂಬ ಸಂಕಟ ನಿಜವಾಗಿಯೂ ಇತ್ತು. ಅವನ ಬಗ್ಗೆ ನಾನಂದುಕೊಂಡಿದ್ದೇ ಸರಿಯಾಯಿತಲ್ಲ ಎಂಬ ಖುಷಿಯೂ ಅದರ ಪಕ್ಕದಲ್ಲೇ ಕೂತಿತ್ತು. ಇವತ್ತು ನಾಚಿಕೆಯಾಗುತ್ತದೆ, ಅವತ್ತು ಆಗಲಿಲ್ಲ.

ಮುಂದಿನ ಸೋಮವಾರ ಪೆಟ್ಟಿಗೆ ತೆರೆದೆ. ಪಟ್ಟಿ ಇತ್ತು, ಚುಕ್ಕೆ ಇರಲಿಲ್ಲ. ಅದು ನನ್ನ ಪಟ್ಟಿಯೇ ಅಲ್ಲ. ನಮ್ಮದರ ಕಡ್ಡಿ ಹೊಳೆಯುವ ಕಪ್ಪು, ಇದರದು ಮಂಕು ಬೂದಿ. ನಮ್ಮ ಒಳ್ಳೆಯ ಪಟ್ಟಿಯನ್ನು ಹೊಡೆದುಕೊಂಡು ಯಾವುದೋ ನಕಲಿ ಮಾಲನ್ನು ಒಳಗಿಟ್ಟಿದ್ದಾನೆ! ನಾಳೆ ಬೀದಿಯಲ್ಲಿ ಯಾರಿಗಾದರೂ ಏನಾದರೂ ಆದರೆ ಗತಿಯೇನು?

ಬುಧವಾರ ಗುಮ್ಮ ಒಂದು ಸೈಕಲನ್ನು ಓಡಿಸಿ ನೋಡಲು ಹೊರಗೆ ಹೋದ. ತಂಗಿ ಮೇಲೆ ಕಾಫಿ ಮಾಡುತ್ತಿದ್ದಳು. ಅವನ ಚೀಲ ಬೆಂಚಿನ ಕೆಳಗಿತ್ತು. ಬೇರೆಯವರ ಚೀಲಕ್ಕೆ ಕೈಹಾಕುವುದು ತಪ್ಪೆಂದು ನನಗೂ ಗೊತ್ತು, ಆದರೆ ಕೈ ಆಗಲೇ ಒಳಗೆ ಹೋಗಿತ್ತು. ಊಟದ ಡಬ್ಬಿ, ಒಂದು ಟವೆಲು, ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಪಟ್ಟಿ. ಬಕಲ್ ಮೇಲೆ ನನ್ನ ಹಸಿರು ಚುಕ್ಕೆ ಮಿನುಗುತ್ತಿತ್ತು. ಪಕ್ಕದಲ್ಲಿ ನೀಲಿ ಕಿಟ್ಟಿನ ಸಿರಿಂಜು, ಅದಕ್ಕೂ ಚುಕ್ಕೆ.

ನಾನು ಚುಕ್ಕೆ ನೋಡಿದೆ. ಬೇರೆ ಏನನ್ನೂ ನೋಡಲಿಲ್ಲ.

ಸಿರಿಂಜನ್ನು ಇದ್ದಲ್ಲೇ ಬಿಟ್ಟೆ, ಕೈಯಲ್ಲಿ ಹಿಡಿದಿರುವಾಗಲೇ ಸಿಕ್ಕಿಹಾಕಿಕೊಳ್ಳಲಿ ಅಂತ. ಚುಕ್ಕೆಯ ಪಟ್ಟಿಯನ್ನು ಕೆಂಪು ಪೆಟ್ಟಿಗೆಯಲ್ಲಿಟ್ಟು ಮುದ್ರೆ ಹಾಕಿದೆ. ಅವನ ಬೂದಿ ಕಡ್ಡಿಯ ಪಟ್ಟಿಯನ್ನು ನನ್ನ ಮೇಜಿನ ಡ್ರಾಯರ್‌ನಲ್ಲಿಟ್ಟು ಬೀಗ ಜಡಿದೆ. ಬೀಗದ ಕೈ ಯಾವಾಗಲೂ ನನ್ನ ಕೊರಳ ದಾರದಲ್ಲಿರುತ್ತದೆ. ಭಾನುವಾರ ಅಂಗಡಿಗೆ ರಜೆ. ಅವತ್ತು ತಂಗಿಯನ್ನು ಕೂರಿಸಿಕೊಂಡು ಒಂದೊಂದಾಗಿ ಮುಂದಿಡಬೇಕು ಎಂದುಕೊಂಡೆ. ಹೋಗುವುದಾದರೆ ಅವನೊಬ್ಬನೇ ಹೋಗಲಿ.

ಭಾನುವಾರದವರೆಗೆ ಕಾಯಲು ನನ್ನಿಂದಾಗಲಿಲ್ಲ. ಶುಕ್ರವಾರ ಮಧ್ಯಾಹ್ನ ನಾನು ಮುಂದಿನ ಗಾಜಿನ ಕೌಂಟರಿನ ಬಳಿ ಇದ್ದೆ, ತಂಗಿ ಬಾಗಿಲ ಬಳಿ ಸೈಕಲ್ ಒರೆಸುತ್ತಿದ್ದಳು. ಗುಮ್ಮ ಹಿಂದುಗಡೆ ನನಗೆ ಬೆನ್ನು ಮಾಡಿ ಕುಳಿತಿದ್ದ. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು, ಬೆರಳುಗಳ ನಡುವೆ ಸಿರಿಂಜು. ಸಿಕ್ಕಿದೆಯಲ್ಲ ಮಗನೇ ಎಂದು ಮನಸ್ಸು ಕುಣಿಯಿತು. ಅವನ ಮುಂಗೈ ಮಾತ್ರ ಕಾಣುತ್ತಿರಲಿಲ್ಲ, ನಡುವೆ ಸೈಕಲಿನ ಚಕ್ರ ಅಡ್ಡ ಬರುತ್ತಿತ್ತು. ನಾನು ತುದಿಗಾಲಲ್ಲಿ ನಿಂತು, ಎಡಗೈಯನ್ನು ಕೌಂಟರಿನ ಮೇಲೂರಿ, ಇನ್ನಷ್ಟು ಬಗ್ಗಿದೆ. ಆ ಗಾಜಿನ ಮೂಲೆ ಮೊದಲೇ ಬಿರುಕು ಬಿಟ್ಟು, ವರ್ಷದಿಂದ ಟೇಪಿನ ಮೇಲೆ ನಿಂತಿತ್ತು.

ಗಾಜು ಒಡೆದ ಸದ್ದು ಕೇಳಿಸಿತು. ನೋವು ಗೊತ್ತಾಗಲಿಲ್ಲ. ಕೈ ಮೊಣಕೈಯವರೆಗೆ ಕೌಂಟರಿನೊಳಗೆ ಇಳಿದಿತ್ತು. ಎಳೆದುಕೊಂಡಾಗ ಮೊಣಕೈಯ ಒಳಗಡೆಯಿಂದ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು, ಗಡಿಯಾರದ ಮುಳ್ಳಿನಷ್ಟು ಲೆಕ್ಕವಾಗಿ. ನನ್ನದೇ ಕೈ ಎಂದು ಅನ್ನಿಸಲಿಲ್ಲ. “ಅಯ್ಯೋ, ನೆಲವೆಲ್ಲ ಆಯ್ತಲ್ಲ,” ಎಂದೆನಂತೆ. ತಂಗಿ ಆಮೇಲೆ ಹೇಳಿದಳು.

ಗುಮ್ಮ ಎರಡೇ ನೆಗೆತಕ್ಕೆ ಬಂದ. ನನ್ನನ್ನು ನೆಲದ ಮೇಲೆ ಮಲಗಿಸಿ, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಗಾಯಕ್ಕೊತ್ತಿ ಮೊಣಕಾಲಿನ ಭಾರ ಹಾಕಿದ. “ಕೆಂಪು ಪೆಟ್ಟಿಗೆ ತಾ! ಆಂಬುಲೆನ್ಸ್‌ಗೆ ಫೋನ್ ಮಾಡು!” ಅಂತ ಕೂಗಿದ. ಅವನು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಂಗಿ ಪೆಟ್ಟಿಗೆ ತಂದಳು. ಅವನು ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿ, ಎಳೆದು, ಕಡ್ಡಿ ತಿರುಗಿಸಿದ. ಒಂದು ಸುತ್ತು. ಎರಡು. ಮೂರನೆಯದಕ್ಕೆ ಟಕ್ಕೆಂದು ಕಡ್ಡಿ ಮುರಿಯಿತು.

ಅರ್ಧ ಕಡ್ಡಿ ಅವನ ಬೆರಳಲ್ಲೇ ಉಳಿಯಿತು. ಅವನು ಬಕಲ್ ನೋಡಿದ, ಅದರ ಮೇಲಿನ ಹಸಿರು ಚುಕ್ಕೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಎಲ್ಲವೂ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

“ಇನ್ನೊಂದು ಎಲ್ಲಿ ಅಕ್ಕ?” ಎಂದ, ಮೆಲ್ಲಗೆ.

ಹೇಳಲು ನಾಲಗೆ ಏಳಲಿಲ್ಲ. ಪ್ರಾಣ ಹೋಗುತ್ತಿದ್ದರೂ ಮಾನ ಅಡ್ಡ ಬಂತು ನೋಡಿ. ಅವನು ಮತ್ತೆ ಕೇಳಲಿಲ್ಲ, ಬೈಯಲಿಲ್ಲ. ಉದ್ದನೆಯ ಬಟ್ಟೆಯನ್ನು ಬೆರಳಿನಿಂದ ಗಾಯದ ಆಳಕ್ಕೆ ತುರುಕುತ್ತಾ ಮೈಯ ಭಾರವನ್ನೆಲ್ಲ ಅಲ್ಲಿ ಹಾಕಿದ. ಆಗ ಬಂತು ನೋವು.

“ಡ್ರಾಯರ್,” ಎಂದೆ. “ಬೀಗದ ಕೈ ಕೊರಳಲ್ಲಿದೆ.”

ತಂಗಿ ದಾರ ಕಿತ್ತುಕೊಂಡು ಓಡಿದಳು. ಬೂದಿ ಕಡ್ಡಿ ಮೂರನೆಯ ಸುತ್ತಿಗೂ ಮುರಿಯಲಿಲ್ಲ, ನಾಲ್ಕನೆಯದಕ್ಕೂ ಮುರಿಯಲಿಲ್ಲ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. “ಬೈರಿ ಅಕ್ಕ, ಬೈತಾ ಇರಿ, ಕಣ್ಣು ಮಾತ್ರ ಮುಚ್ಬೇಡಿ,” ಎನ್ನುತ್ತಾ ಇನ್ನೂ ಬಿಗಿದ. ರಕ್ತ ನಿಂತಿತು. ಪಟ್ಟಿಯ ಮೇಲೆ ಪೆನ್ನಿನಲ್ಲಿ ಹೊತ್ತು ಬರೆದ: ಮೂರು ಹನ್ನೆರಡು.

ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ಕೈ ಉಳಿದಿದೆ, ಇನ್ನೊಂದೆರಡು ನಿಮಿಷ ತಡವಾಗಿದ್ದರೆ ಜೀವವೇ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಮಂಚದ ಒಂದು ಕಡೆ ತಂಗಿ, ಇನ್ನೊಂದು ಕಡೆ ಗುಮ್ಮ. ಅವನ ಅಂಗಿಯ ಮೇಲೆ ನನ್ನ ರಕ್ತ ಕಂದು ಬಣ್ಣವಾಗಿ ಒಣಗಿತ್ತು.

ತಂಗಿ ಅವನನ್ನು ಕೇಳಿದಳು, “ಪೆಟ್ಟಿಗೇಲಿದ್ದಿದ್ದು ಯಾಕೆ ಮುರೀತು? ಡ್ರಾಯರ್‌ನಲ್ಲಿ ಇನ್ನೊಂದು ಯಾಕಿತ್ತು?”

ಅವನು ನೆಲ ನೋಡುತ್ತಾ ನಿಧಾನವಾಗಿ ಹೇಳಿದ. “ಬ್ರೇಕ್ ರಿಪೇರಿ ಮಾಡಿದ್ಮೇಲೆ ಹಿಂಡಿ ನೋಡ್ದೆ ಗಿರಾಕಿಗೆ ಕೊಡಲ್ವಲ್ಲ. ಈ ಪಟ್ಟೀನ ಒಂದು ಸಲಾನೂ ಯಾರೂ ಬಿಗಿದು ನೋಡಿರ್ಲಿಲ್ಲ. ನಾನು ದಿನಾ ನನ್ನ ತೋಳಿಗೆ ಹಾಕ್ಕೊಂಡು ಕಲಿತಾ ಇದ್ದೆ. ವಾರ ಆಗೋಷ್ಟರಲ್ಲಿ ಕಡ್ಡಿ ಬಾಗಿ ಬೆಳ್ಳಗಾಯ್ತು. ನಕಲಿ ಮಾಲು. ಒಳ್ಳೇದೊಂದು ತಂದೆ.”

“ಸಿರಿಂಜು?” ಎಂದೆ ನಾನು, ತಡೆಯಲಾರದೆ.

“ಅದು ಗಾಳಿ ಎಳೀತಿತ್ತಲ್ಲ ಅಕ್ಕ. ರಬ್ಬರ್ ಬದಲಾಯಿಸಿದೆ.”

“ಮತ್ತೆ ಆ ನಕಲಿ ಪೆಟ್ಟಿಗೆಗೆ ಹೇಗೆ ಬಂತು?” ತಂಗಿ ಬಿಡಲಿಲ್ಲ.

ಅವನು ಒಮ್ಮೆ ನನ್ನ ಕಡೆ ನೋಡಿದ. ಮತ್ತೆ ನೆಲ ನೋಡಿದ. “ನನ್ನದೇ ತಪ್ಪು. ಎರಡನ್ನೂ ಕೈಯಲ್ಲಿ ಹಿಡ್ಕೊಂಡಿದ್ದೆ. ಕೆಟ್ಟಿದ್ದನ್ನ ಪೆಟ್ಟಿಗೇಲಿಟ್ಟು, ಒಳ್ಳೇದನ್ನ ಬೀಗ ಹಾಕಿಡಿ ಅಂತ ಅಕ್ಕನ ಕೈಗೆ ಕೊಟ್ಬಿಟ್ಟೆ. ಗಡಿಬಿಡೀಲಿ.”

ತಂಗಿ ಸುಳ್ಳು ಹೇಳುವವಳಲ್ಲ, ಹಾಗಾಗಿ ಬೇರೆಯವರ ಸುಳ್ಳು ಅವಳಿಗೆ ಬೇಗ ತಿಳಿಯುವುದಿಲ್ಲ. ಅವಳು ಅದನ್ನು ನಂಬಿ ಅವನನ್ನೇ ದಿಟ್ಟಿಸಿದಳು. ಕಣ್ಣು ಸಣ್ಣದಾಯಿತು, ಹುಬ್ಬು ಒಂದಕ್ಕೊಂದು ಹತ್ತಿರ ಬಂತು, ತುಟಿ ಬಿಗಿಯಾಯಿತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷದಿಂದ ನಾನು ಜನರನ್ನು ನೋಡುತ್ತಾ ಬಂದಿರುವುದು ಹಾಗೇ. ಅವಳು ತನ್ನ ಗಂಡನನ್ನು ನನ್ನ ಕಣ್ಣಿನಿಂದ ನೋಡುತ್ತಿದ್ದಳು.

ನಾನು ಸುಮ್ಮನಿದ್ದರೆ ಸಾಕಿತ್ತು. ಅವಳು ನನ್ನ ಬಳಿಯೇ ಉಳಿಯುತ್ತಿದ್ದಳು. ಅವನು ಅದಕ್ಕೆಂದೇ ಆ ಸುಳ್ಳು ಹೇಳಿದ್ದು ಎಂಬುದೂ ನನಗೆ ಗೊತ್ತಾಯಿತು. ನನಗಿರುವುದು ಅವಳೊಬ್ಬಳೇ ಎಂಬುದು ಅವನಿಗೂ ಗೊತ್ತಿತ್ತು.

“ಅವರು ಇಟ್ಟಿದ್ದಲ್ಲ ಕಣೇ,” ಎಂದೆ. “ನಾನು. ಅವರ ಚೀಲಕ್ಕೆ ಕೈ ಹಾಕಿ ತೆಗೆದೆ. ಕಳ್ಳ ಅಂದ್ಕೊಂಡೆ. ಅದಕ್ಕಿಂತ ಕೆಟ್ಟದಾಗೂ ಅಂದ್ಕೊಂಡೆ. ಆ ನಕಲಿ ತಂದವಳೂ ನಾನೇ.”

ಪಕ್ಕದ ಮಂಚದಲ್ಲಿ ಯಾರೋ ಕೆಮ್ಮುತ್ತಿದ್ದರು. ತಂಗಿಯ ಮುಖ ಬಿಗಿ ಬಿಟ್ಟು, ಮತ್ತೆ ಬೇರೊಂದು ರೀತಿಯಲ್ಲಿ ಬಿಗಿಯಾಯಿತು. ಅವಳು ಎದ್ದು, ನನ್ನ ಹೊದಿಕೆಯನ್ನು ಕತ್ತಿನವರೆಗೆ ಎಳೆದು ಸರಿಮಾಡಿದಳು. ಆರು ವರ್ಷದ ಅವಳಿಗೆ ನಾನು ಮಾಡುತ್ತಿದ್ದ ಹಾಗೇ ಅಂಚನ್ನು ಒಳಗೆ ಮಡಚಿದಳು.

“ನಿನ್ನ ಕೈ ವಾಸಿಯಾಗೋ ತನಕ ಇರ್ತೀವಿ,” ಎಂದಳು. “ಆಮೇಲೆ ಹೋಗ್ತೀವಿ. ನಾನು ಹೇಳಿದ್ದೆ ನಿಂಗೆ.”

ಹೂಂ ಎಂದೆ. ನ್ಯಾಯವಾದ ಮಾತು, ವಾದ ಮಾಡಲು ಏನೂ ಇರಲಿಲ್ಲ.

ಅದಾಗಿ ಐದು ತಿಂಗಳಾಯಿತು. ಹೊಲಿಗೆ ಯಾವತ್ತೋ ಬಿಚ್ಚಿದರು. ನಿನ್ನೆ ಯಾರೂ ಇಲ್ಲದಾಗ ಎಡಗೈಯಿಂದಲೇ ಒಂದು ಚಕ್ರದ ಟೈರ್ ಕಿತ್ತು ಮತ್ತೆ ಕೂರಿಸಿದೆ, ಏನೂ ತೊಂದರೆಯಾಗಲಿಲ್ಲ. ಪ್ರತಿ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಗುಮ್ಮ ನನ್ನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂರುತ್ತಾನೆ. ಡಾಕ್ಟರು ಹೇಳಿಕೊಟ್ಟಂತೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿಸಿ ಬಿಡಿಸುತ್ತಾನೆ. ಗಾಯದ ಗುರುತಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡುತ್ತಾನೆ. ತಂಗಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಾಳೆ, “ಹೇಗಿದೆ ಕೈ?”

“ಇನ್ನೂ ನೋವಿದೆ ಕಣೇ,” ಎನ್ನುತ್ತೇನೆ.

ಗುಮ್ಮ ತಲೆ ಎತ್ತುವುದಿಲ್ಲ. ನನ್ನ ಬೆರಳುಗಳನ್ನು ಇನ್ನೊಂದು ಸಲ ಮಡಚಿ, ಅವು ಸಲೀಸಾಗಿ ಮುಷ್ಟಿಯಾಗುವುದನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಳ್ಳುತ್ತಾನೆ.

“ಇನ್ನೂ ಸ್ವಲ್ಪ ದಿನ ಬೇಕು,” ಎನ್ನುತ್ತಾನೆ ಅವಳಿಗೆ.